ಬೀಳುವ ಕೆಲಸ

ಅಕ್ಕಾ,

ಈ ಪತ್ರ ನಿನ್ನನ್ನು ಮುಟ್ಟುವುದಿಲ್ಲ, ಗೊತ್ತು. ನೀನು ಹೋಗಿ ಆಗಲೇ ಎರಡು ವರ್ಷವಾಯಿತು. ಆದರೂ ಇವತ್ತಿನ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನಮ್ಮ ಶಾಲೆಯ ಹುಡುಗಿಯರನ್ನು ದೊಡ್ಡ ಆಟಗಾರರೆಲ್ಲ ತಯಾರಾಗುವ ತರಬೇತಿ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಈಜುಕೊಳ ನೋಡಿ ಜೂಡೋ ಹಾಲ್‌ಗೆ ಬಂದೆವು. ಚಾಂಪಿಯನ್ ಒಬ್ಬಳು ಇನ್ನೊಬ್ಬಳನ್ನು ಎತ್ತಿ ಎತ್ತಿ ಎಸೆಯುತ್ತಿದ್ದಳು. ಬಿದ್ದವಳು ಎದ್ದು ಬಂದು ಮತ್ತೆ ನಿಲ್ಲುತ್ತಿದ್ದಳು.

"ಪಾಪ, ಆ ಅಕ್ಕ ಗೆಲ್ಲೋದು ಯಾವಾಗ ಸಾರ್?" ಅಂತ ಅಲ್ಲಿನ ಕೋಚನ್ನು ಕೇಳಿದಳು ನಮ್ಮ ಕ್ಲಾಸಿನ ಕೀಟಲೆ ಹುಡುಗಿ.

"ಬೀಳೋದೇ ಅವಳ ಕೆಲಸ ಕಣಮ್ಮ. ಅವಳು ಸರಿಯಾಗಿ ಬೀಳದಿದ್ರೆ ಇವಳಿಗೆ ಪದಕ ಎಲ್ಲಿಂದ ಬರಬೇಕು?" ಅಂದರು ಕೋಚ್.

ನನ್ನನ್ನು ಜೂಡೋ ಪಂದ್ಯಕ್ಕೆ ತಯಾರು ಮಾಡಲು ನೀನು ಮನೆಯ ಹಾಸಿಗೆಗಳನ್ನೆಲ್ಲ ನೆಲಕ್ಕೆ ಹಾಸಿ, ನಾನು ಎಸೆದಷ್ಟು ಸಲ ಬೀಳುತ್ತಿದ್ದ ಸಂಜೆಗಳು ನೆನಪಾದವು. "ಒಂದ್ಸಲ ನಾನೂ ಎಸೀತೀನಿ ಕಣೇ" ಅಂತಿದ್ದೆ ನೀನು. "ನಾಳೆ" ಅಂತಿದ್ದೆ ನಾನು.

ಆಮೇಲೆ ಕೋಚ್ ಮಕ್ಕಳಿಗೂ ಒಂದು ಪಟ್ಟು ಹೇಳಿಕೊಟ್ಟರು. ಎಸೆಯಲು ಎಲ್ಲರೂ ಕೈ ಎತ್ತಿದರು, ಬೀಳಲು ಯಾರೂ ಇಲ್ಲ. ನಾನೇ ಚಪ್ಪಲಿ ಬಿಟ್ಟು ಮ್ಯಾಟ್ ಹತ್ತಿದೆ. ಟೀಚರನ್ನು ಎಸೆಯುವ ಅವಕಾಶವನ್ನು ಕೀಟಲೆ ಹುಡುಗಿ ಬಿಡುತ್ತಾಳೆಯೇ! ನಿನ್ನ ಹಾಗೆಯೇ ಗದ್ದ ಎದೆಗೊತ್ತಿ, ಅಂಗೈಯಿಂದ ಮ್ಯಾಟ್ ಬಡಿದು ಬಿದ್ದೆ. ತಲೆ ಉಳಿಯಿತು. ಸೊಂಟ ಇನ್ನೂ ಹಿಡಿದುಕೊಂಡಿದೆ, ನಗಬೇಡ.

ಬಿದ್ದಲ್ಲಿಂದಲೇ ಅವಳ ಮುಖ ನೋಡಿದೆ. ಎಸೆದವರ ಮುಖ ಅಷ್ಟೊಂದು ಅರಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ ಅಕ್ಕಾ.

ನೀನು ದಿನಾ ಸಂಜೆ ನೋಡುತ್ತಿದ್ದದ್ದು ಇದನ್ನೇ.