ಬೋರಲು ಹಾಕಿದ ಲೋಟ

ದೇವದುರ್ಗ,
ರವಿವಾರ, 9 ಫೆಬ್ರುವರಿ 2025

ಪ್ರೀತಿಯ ಅಣ್ಣ ಹುಲಿಗೇಶನಿಗೆ,

ಪ್ರೀತಿ ಅಂತ ಬರೆದದ್ದು ಕಾಗದದ ರೂಢಿಗೆ, ಉಬ್ಬಬೇಡ. ನೀನು, ಸುಜಾತಾ ವೈನಿ, ಕೂಸು ಆರಾಮ ಇದ್ದೀರಲ್ಲ? ಕೂಸಿನ ಕೆಮ್ಮು ಕಡಿಮೆ ಆಯಿತೋ? ಬಜಿ ಬೇರು ತೇಯ್ದು ನೆಕ್ಕಿಸಲಿ ಅಂತ ಅವ್ವ ಹೇಳಿದ್ದಾಳೆ. ನಿನ್ನಿಂದ ಅಷ್ಟೆಲ್ಲ ಅನ್ನಿಸಿಕೊಂಡು ಬಂದ ಮೇಲೂ ಅವಳಿಗೆ ಅದೇ ಚಿಂತೆ. ಫೋನ್ ಮಾಡಿದರೆ "ಕ್ಲಾಸಿನಾಗ ಅದೀನಿ" ಅಂತ ಕಟ್ ಮಾಡುತ್ತೀ. ಕಾಗದ ಕಟ್ ಮಾಡಲು ಬರುವುದಿಲ್ಲ, ಕುಂತು ಓದು.

ಅವ್ವ ಮಾಡಿದ ತಪ್ಪೇನು, ಹೇಳು. ರಾಯಚೂರಿನ ನಿನ್ನ ಬಾಡಿಗೆ ಮನೆಗೆ ಕರೆಸಿಕೊಳ್ಳುವ ಮುಂಚೆ ನೀನೇ ಪಾಠ ಮಾಡಿಸಿದೆ: "ಯಾರರ ಕೇಳಿದ್ರ ಗೂಗಲ್ ಊರಿನವ್ರು, ಅಲ್ಲಮಪ್ರಭುವಿನ ಭಕ್ತರು ಅನ್ನು. ಕೇರಿ ಹೆಸರು ಬಾಯಾಗ ಬರಬಾರ್ದು." ಪಾಪ, ಮುದುಕಿ ಒಂದು ಮಾತೂ ತಪ್ಪಲಿಲ್ಲ. ಮನೆ ಒಡತಿ ಬಸವಂತಮ್ಮ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟಳು. ಅವ್ವ ಕುಡಿದು ಎದ್ದಳು, ನಲ್ಲಿಗೆ ಹೋಗಿ ಲೋಟ ತೊಳೆದಳು, ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿದಳು. ಊರ ಹೋಟೆಲಿನಲ್ಲಿ ನಮ್ಮ ಮಂದಿ ಕುಡಿದ ಲೋಟ ನಾವೇ ತೊಳೆದು ಹೊರಗಿನ ಕಟ್ಟೆ ಮೇಲೆ ಹಾಗೆ ಇಡಬೇಕಿತ್ತಲ್ಲ, ಹುಡುಗಿಯಾಗಿದ್ದಾಗಿನಿಂದ ರೂಢಿಯಾದ ಕೈ ಅದು. ನಿನ್ನ ಪಾಠ ಕೈಗೇನು ಗೊತ್ತು? ಬಸವಂತಮ್ಮನಿಗೆ ಮಾತ್ರ ಎಲ್ಲ ಗೊತ್ತಾಯಿತು. ಸಂಜೆಗೇ "ನಮ್ಮ ಬೀಗರು ಬರ್ತಾರ, ತಿಂಗಳೊಳಗ ಮನಿ ಖಾಲಿ ಮಾಡ್ರಿ" ಅಂದಳು. ಅದೇ ದಿನ ಬೆಳಿಗ್ಗೆ ನಿಮ್ಮ ಕೂಸನ್ನು ಎತ್ತಿ ಮುದ್ದಾಡಿದ್ದಳಂತೆ! ಅವಳ ಬಾಯಾಗ ಮಣ್ಣ ಬೀಳಲಿ. ಆದರೆ ಅವಳಿಗಿಂತ ನಿನ್ನ ಮೇಲೆ ನನಗೆ ಸಿಟ್ಟು. "ನೀನ ನನ್ನ ಮಾನ ಕಳದಿ" ಅಂತ ಹೆತ್ತವಳನ್ನು ಅವತ್ತೇ ಬಸ್ಸು ಹತ್ತಿಸಿದೆಯಲ್ಲ, ನಾಚಿಕೆ ಬರಲಿಲ್ಲವೇ? ಏಪ್ರಿಲ್ ಹದಿನಾಲ್ಕಕ್ಕೆ ನೀಲಿ ಶಾಲು ಹೊದ್ದು ಮೈಕಿನ ಮುಂದೆ ಗುಡುಗುವವನೂ ನೀನೇ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಇಲ್ಲಿ ಆದದ್ದು ಕೇಳು. ಪಕ್ಕದ ಮನೆ ಜಾಹೆದಾ ಚಾಚಿಯನ್ನು ಮರೆತಿಲ್ಲ ತಾನೇ? ಮೊಹರಮ್ಮಿನ ಸಿಹಿ ಚೊಂಗೆ ಮೊದಲು ನಿನ್ನ ಬಾಯಿಗೇ ಇಡುತ್ತಿದ್ದವಳು. ಬೇರೆ ಯಾರೂ ನಮ್ಮ ಹೊಸ್ತಿಲು ದಾಟದ ಕಾಲಕ್ಕೆ ನಮ್ಮ ಗಂಗಾಳದಲ್ಲೇ ಉಂಡವಳು. ಪರರ ಮನೆಗಳಲ್ಲಿ ಅವ್ವ ಲೋಟ ತೊಳೆಯದೆ ಎದ್ದು ಬರುತ್ತಿದ್ದ ಮನೆ ಅದೊಂದೇ. ಮೊನ್ನೆ ಅಲ್ಲಿ ಚಹಾ ಕುಡಿದವಳು ಸುಮ್ಮನೆ ಎದ್ದು ಕಪ್ಪು ತೊಳೆದು ಬೋರಲು ಹಾಕಿದಳು. ಚಾಚಿ ಅದನ್ನು ಕಸಿದುಕೊಂಡು "ಪಾರ್ವತೀ, ನನಗೂ ಹಿಂಗ ಮಾಡ್ತೀಯೇನ ಬೇ?" ಅಂತ ಗೋಳೋ ಅಂತ ಅತ್ತಳು. ಅವ್ವ ಅಳಲಿಲ್ಲ. "ಯಾರ ಮನ್ಯಾಗ ಹ್ಯಾಂಗ ಇರಬೇಕಂತ ನನಗ ತಿಳಿವಲ್ದವ್ವ" ಅಂದಳು. ಬಸವಂತಮ್ಮನ ಕೈಲಿ ಆಗದ್ದನ್ನು ನೀನು ಮಾಡಿದೆ ಅಣ್ಣಾ.

ಈಗ ಕೂಸಿನ ತೊಟ್ಟಿಲ ಕಾರ್ಯ ನೀವು ಹೋಗಲಿರುವ ಹೊಸ ಬಾಡಿಗೆ ಮನೆಯಲ್ಲಂತೆ. "ಅವ್ವ ಬರೋದು ಬ್ಯಾಡ, ಓನರ್ ಮಂದಿ ಇರ್ತಾರ" ಅಂತ ವೈನಿಯ ಕೈಲಿ ಹೇಳಿಸಿದ್ದೀ. ಅವ್ವ ಮೊಮ್ಮಗಳಿಗೆ ಕುಂಚಿಗೆ ಹೊಲಿದು, ದಿನಾ ಬಿಚ್ಚಿ ನೋಡಿ ಮಡಚಿಡುತ್ತಾಳೆ. ನಿನ್ನ ಮಾತು ನಾನವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ತೊಟ್ಟಿಲು ಇಲ್ಲೇ, ಚಾಚಿಯ ಅಂಗಳದಲ್ಲಿ ಕಟ್ಟುತ್ತೇವೆ. ವೈನಿ ಕೂಸನ್ನು ಕರೆದುಕೊಂಡು ಬರಲು ಒಪ್ಪಿದ್ದಾಳೆ. ನೀನು ಬಂದರೆ ಬಾ, ಇಲ್ಲದಿದ್ದರೆ ಓನರ್ ತೊಡೆ ಮೇಲೆ ಕುಂತು ಹಾಲು ಕುಡಿ.

ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ಅದು ಅವಳದು, ನನ್ನದೇನಿಲ್ಲ.

ನಿನ್ನ ತಂಗಿ,
ಕಲ್ಯಾಣಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಒಂದು ಮಾತು. ಅವ್ವ ಮರೆತು ಬಂದ ಗುಳಿಗೆ ಚೀಲ ತರಲು ಬುಧವಾರ ನಿಮ್ಮ ಮನೆಗೆ ಬಂದಿದ್ದೆ. ನೀನು ಕಾಲೇಜಿಗೆ ಹೋಗಿದ್ದಿ. ಆ ಲೋಟ ಇನ್ನೂ ಗೋಡೆ ಮೇಲೆ ಬೋರಲೇ ಇತ್ತು, ಧೂಳು ಕುಂತಿತ್ತು. ಬಸವಂತಮ್ಮ ಮುಟ್ಟಿರಲಿಲ್ಲ, ಬಿಡು. ದಿನಾ ಅದರ ಮುಂದೆಯೇ ಹಾದು ಹೋಗುವ ನೀನೂ ಮುಟ್ಟಿರಲಿಲ್ಲ. ನಾನು ತಂದಿದ್ದೇನೆ. ತೊಟ್ಟಿಲ ದಿನ ನಿನಗೆ ಚಹಾ ಅದರಲ್ಲೇ ಕೊಡುತ್ತೇನೆ. ಕುಡಿದು ಎಲ್ಲಿ ಇಡುತ್ತೀ, ಅವ್ವ ನೋಡಲಿ.