ಶಾಪವಲ್ಲ, ಕುಸುಬಿ ಎಣ್ಣೆ

ನಮ್ಮ ಮನೆಯವರಿಗೆ,

ಸಿಟ್ಟಿನಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಹೋಗಿ ವರ್ಷ ತುಂಬಿತು. ಬದುಕಿದ್ದಾಗ ನನ್ನನ್ನು ಒಮ್ಮೆಯೂ ಗದರದಿದ್ದವರು ನೀವು. ಈಗ ಸಾಂಗಲಿಯ ಮನೆಯಲ್ಲಿ ನನ್ನನ್ನು ಹೆದರಿಸಲು ಎಲ್ಲರಿಗೂ ನಿಮ್ಮ ಹೆಸರೇ ಬೇಕು. ಸತ್ತವರ ಹೆಸರಿನಲ್ಲಿ ಬದುಕಿದ್ದವಳನ್ನು ಕಟ್ಟಿಹಾಕುವುದು ಎಷ್ಟು ಸುಲಭ, ಅಲ್ಲವೇ?

ವಿಜಾಪುರದ ಹೆಣ್ಣುಮಕ್ಕಳ ಶಾಲೆಯಿಂದ ಕಾಗದ ಬಂದ ದಿನದ್ದು ಕೇಳಿ. ಮುಂದಿನ ಸೋಮವಾರದಿಂದ ಕಲಿಸಲು ಬನ್ನಿ ಎಂದು ಬರೆದಿದ್ದರು. ಮಿರಜದಿಂದ ಅಣ್ಣ ಬಂದ. "ಮನ್ಯಾಗ ಫಟಫಟಿ ಐತೆಲ್ಲ, ನಾ ಮುಟ್ಟಿಸ್ತೀನಿ" ಎಂದು ನಿಮ್ಮ ಮೋಟಾರ್ ಸೈಕಲ್ಲು ಶುರು ಮಾಡಿದ. ಓಣಿ ದಾಟುವುದರೊಳಗೆ ಚೈನು ಕಟಕಟ ಎಂದು ಹಲ್ಲು ಜಿಗಿಯತೊಡಗಿತು. ಅಣ್ಣ ಗಾಡಿ ತಿರುಗಿಸಿ ಮನೆಗೇ ತಂದ. ನಿಮ್ಮವ್ವ ಬಾಗಿಲಿಗೆ ಬಂದರು: "ನೋಡಿದಿ? ನನ್ನ ಮಗನ ಜೀವ ಒಲ್ಲೆ ಅನ್ನಾಕತ್ತೈತಿ. ಅವನ ಶಾಪ ಹಚಗೊಂಡು ಹೋಗಬ್ಯಾಡ." ನಡುದಾರಿಯಲ್ಲಿ ಆ ಚೈನು ಹರಿದಿದ್ದರೆ ನನ್ನ ಕಥೆ ಮುಗಿದಂತೆ. ಗಂಡನ ಶಾಪ ಎಂದು ಊರೇ ಹೇಳುತ್ತಿತ್ತು, ನಾನು ಮತ್ತೆಂದೂ ಆ ಹೊಸ್ತಿಲು ದಾಟುವಂತಿರಲಿಲ್ಲ.

ಹೊಸ ಚೈನು ಹಾಕಿದ ದಿನ ನೀವು ತೋರಿಸಿದ್ದು ನೆನಪಿದೆಯೇ? ಹಿಂದಿನ ಹಲ್ಲಿನ ಗಾಲಿಯ ಮೇಲಿಂದ ಚೈನನ್ನು ಎರಡು ಬೆರಳಲ್ಲಿ ಹಿಂದಕ್ಕೆ ಎಳೆದು, "ನೋಡಿಲ್ಲೆ, ಹಲ್ಲು ಬಿಟ್ಟು ಏಳ್ತೈತೇನು? ಏಳಂಗಿಲ್ಲ. ಎದ್ದ ದಿನ ಇದರ ಕಥಿ ಮುಗೀತು ಅಂತ ತಿಳಿ" ಅಂದಿದ್ದಿರಿ. ಈಗ ಸೆರಗು ಸಿಕ್ಕಿಸಿ ಕೂತು ನಾನೂ ಹಾಗೆಯೇ ಎಳೆದೆ. ಅರ್ಧ ಹಲ್ಲು ಬಯಲಾಯಿತು! ಚಕ್ರ ತಿರುಗಿಸಿದರೆ ಚೈನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತು. ಹಲ್ಲುಗಳೆಲ್ಲ ಕುಡುಗೋಲಿನ ತುದಿಯಂತೆ ಒಂದೇ ಕಡೆಗೆ ಬಾಗಿದ್ದವು. ಕೊಂಡಿಗಳ ಸಂದಿಯಲ್ಲಿ ಕರೀ ಅಂಟು, ಅದರ ತುಂಬ ಮಣ್ಣು.

ಆ ಅಂಟು ನೋಡಿದ್ದೇ ಖಂಡೇನವಮಿಯ ಆಯುಧಪೂಜೆ ನೆನಪಾಯಿತು. ಪ್ರತಿ ವರ್ಷ ಗಾಡಿಗೆ ವಿಭೂತಿ ಹಚ್ಚಿ, ಚೈನಿಗೆ ಗಾಣದ ಕುಸುಬಿ ಎಣ್ಣೆ ಸುರಿಯುತ್ತಿದ್ದವರು ಯಾರು? ಗಾಡಿ ರಿಪೇರಿಯ ಮಿಸ್ತ್ರಿ ಗ್ರೀಸು ತಂದರೆ "ಪೂಜಿ ಆದ ಗಾಡಿಗೆ ಆ ಹೊಲಸು ಬ್ಯಾಡೋ" ಅಂದವರು ಯಾರು? ಒಂದು ದಿನ ನನ್ನ ಎಣ್ಣೆ ಡಬ್ಬಿ ತಿಕ್ಕಿದ್ದರೆ ಗೊತ್ತಾಗುತ್ತಿತ್ತು, ಕುಸುಬಿ ಎಣ್ಣೆ ಒಣಗಿದರೆ ಎಂಥ ಅಂಟೆಂದು. ಆ ಅಂಟಿಗೆ ಹಿಡಿದ ಮಣ್ಣೇ ಅರದಂತೆ ಚೈನನ್ನೂ ಹಲ್ಲನ್ನೂ ಸವೆಸಿತ್ತು. ನೀವೋ, ಸದ್ದಾದಾಗಲೆಲ್ಲ ಬಿಗಿ ಮಾಡಿದಿರಿ, ಮತ್ತೆ ಎಣ್ಣೆ ಸುರಿದಿರಿ... ನಗು ಬಂತು, ಹಿಂದೆಯೇ ಅಳುವೂ ಬಂತು. "ಅತ್ತಿ, ಬರ್ರಿ ಇಲ್ಲೆ! ಇದು ನಿಮ್ಮ ಮಗನ ಜೀವ ಅಲ್ಲರಿ, ಕುಸುಬಿ ಎಣ್ಣಿ!" ಎಂದು ಕೂಗಿದೆ. ಅವರು ಮುಖ ತಿರುವಿಕೊಂಡು ಒಳಗೆ ಹೋದರು.

ಮಿಸ್ತ್ರಿ ಬಂದವನೇ ನಿಮ್ಮ ಹಾಗೆಯೇ ನಟ್ಟು ತಿರುಗಿಸುವ ಪಾನಾ ಹಿಡಿದ. "ವೈನಿ, ಜರಾ ಬಿಗಿ ಮಾಡ್ತೀನ್ರಿ. ವಿಜಾಪುರ ಏನು, ಹೈದರಾಬಾದಿಗೂ ಹೋಗ್ತೈತಿ."

"ಬಿಗಿ ಮಾಡಿದ್ರ ಸವದದ್ದು ಬೆಳಿತೈತೇನೋ?"

"ಹಂಗಾರ ಚೈನಷ್ಟ ಹೊಸಾದು ಹಾಕ್ತೀನ್ರಿ."

"ಸವದ ಹಲ್ಲು ಹೊಸಾದನ್ನೂ ತಿಂದು ಹಾಕ್ತಾವ. ಮುಂದಿನ ಹಲ್ಲಿನ ಗಾಲಿ, ಹಿಂದಿನ ಹಲ್ಲಿನ ಗಾಲಿ, ಚೈನು, ಮೂರೂ ಬದಲಾಗಬೇಕು."

ಸಾಮಾನು ಕೊಲ್ಹಾಪುರದಿಂದ ಬರಲು ನಾಲ್ಕು ದಿನ ಹಿಡಿಯಿತು. ಹೆದರಿ ಕೂತಳು ಎಂದು ಓಣಿಯೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ, ನನಗೇನು!

ಮೂರನ್ನೂ ಹೊಸದು ಹಾಕಿಸಿ ರವಿವಾರ ಬೆಳಿಗ್ಗೆ ಹೊರಟೆವು. ಲಿಂಗನೂರು ದಾಟಿದ ಮೇಲೆ ಹಿಂದಿನಿಂದ ಮತ್ತೆ ಅದೇ ಕಟಕಟ. ಅಣ್ಣನ ಭುಜ ಹಿಡಿದು ಅಲುಗಿಸಿದೆ. "ನಿಲ್ಲಸು ಅಣ್ಣಾ!" ಇಳಿದು ನೋಡಿದರೆ ಹಿಂದೆ ಕಟ್ಟಿದ್ದ ನನ್ನ ಟ್ರಂಕಿನ ಚಿಲಕ ಅಲುಗಾಡುತ್ತಿತ್ತು. ಆ ಒಂದು ಗಳಿಗೆ ನಾನೂ ನಂಬಿಬಿಟ್ಟಿದ್ದೆ, ನೀವೇ ತಡೆಯುತ್ತಿದ್ದೀರಿ ಎಂದು. ಎಲ್ಲರೂ ಅಂದದ್ದನ್ನು ನಾನೂ ಅಂದುಕೊಂಡೆನಲ್ಲ... ಅದೊಂದಕ್ಕೆ ಮಾತ್ರ ನಿಮ್ಮ ಕ್ಷಮೆ ಕೇಳುತ್ತೇನೆ.

ವಿಜಾಪುರ ಮುಟ್ಟಿದೆವು. ಚೈನು ಹರಿಯಲಿಲ್ಲ. ಇವತ್ತು ಮೊದಲ ದಿನ ಕಲಿಸಿ ಬಂದು, ನಿಮ್ಮವ್ವನಿಗೂ ಒಂದು ಕಾಗದ ಹಾಕಿದ್ದೇನೆ. ಓದಿ ಹೇಳುವವರು ಓಣಿಗೆಲ್ಲ ಕೇಳುವಂತೆ ಓದಲಿ ಎಂದು ದಪ್ಪ ಅಕ್ಷರದಲ್ಲಿ ಬರೆದೆ: "ಅತ್ತಿ, ನಿಮ್ಮ ಮಗ ಶಾಪ ಹಾಕಲಿಲ್ಲರಿ. ಹಾಕೋ ಮನಷ್ಯಾನ ಅಲ್ಲ ಅವ್ರು. ಇನ್ನ ಮ್ಯಾಲೆ ಅವರ ಹೆಸರು ಹೇಳಿ ಯಾರನ್ನೂ ಹೆದರಸಬ್ಯಾಡ್ರಿ."