ನನ್ನ ಮೀನಿನ ಮೇಲೆ ಬಂದ ಅಪವಾದ

ಟೆಚಿಮನ್, ದೊಡ್ಡ ಸಂತೆ
ಜೂನ್ ೧೪, ೧೯೯೧, ಶುಕ್ರವಾರ

ಪ್ರೀತಿಯ ಯಜಮಾನರೇ,

ನಿಮ್ಮ ಮಂಡಿನೋವು ಹೇಗಿದೆ? ಬೋಲ್ಗಾದ ಸಜ್ಜೆ ಮುದ್ದೆ ಹೊಟ್ಟೆಗೆ ಒಗ್ಗಿತಾ? ರಾತ್ರಿ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ, ನಿಮಗೆ ಶೀತ ಆಗಲ್ಲ. ಇಲ್ಲಿ ಮಕ್ಕಳು ಚೆನ್ನಾಗಿದಾರೆ. ನಿಮ್ಮ ಅಮ್ಮನೂ ಚೆನ್ನಾಗಿದಾರೆ, ದಿನಾ ನನ್ನ ಸಾರಿಗೆ ಉಪ್ಪು ಕಮ್ಮಿ ಅಂತಾರೆ. ಕೇಳಬೇಕಾದ್ದನ್ನೆಲ್ಲ ಕೇಳಿದ್ದಾಯ್ತು. ಇನ್ನು ನಾನು ಹೇಳೋದನ್ನ ಕೂತು ಓದಿ. ನನ್ನ ಮೈಯೆಲ್ಲ ಉರೀತಿದೆ.

ನೀವು ಹೋದ ಮೇಲೆ ಮಳೆ ಹಿಡೀತಲ್ಲ, ಅವತ್ತಿಂದ ನಮ್ಮ ಸಾಲಿನಲ್ಲಿ ಒಂದು ಕೆಟ್ಟ ನಾತ. ಬೆಳ್ಳುಳ್ಳಿ ಕೊಳೆತ ಹಾಗೆ, ಮೀನು ಕೊಳೆತ ಹಾಗೆ. ಗೆಣಸಿನ ಮುದುಕಿಗೆ ತಲೆನೋವು, ಪಕ್ಕದ ಮಳಿಗೆಯ ದರ್ಜಿ ಹುಡುಗಿ ಸೆರ್ವಾಗೆ ವಾಂತಿ. ಎಲ್ಲರೂ ಯಾರ ಕಡೆ ತಿರುಗಬೇಕು ಹೇಳಿ? ನನ್ನ ಕಡೆ! ಉಪ್ಪು ಹಾಕಿ ಹದ ಮಾಡಿದ ಮೊಮೊನಿ ಮೀನು ನಾರದೆ ಇನ್ನೇನು ಮಲ್ಲಿಗೆ ಹಾಗೆ ಘಮಘಮ ಅನ್ನುತ್ತಾ? ಆ ನಾತ ಇಲ್ಲದಿದ್ದರೆ ಇವರ ಸೊಪ್ಪಿನ ಸಾರು ಗಂಟಲಲ್ಲಿ ಇಳಿಯುತ್ತಾ? ನಮ್ಮಜ್ಜಿ ಮಾರಿದ್ದಾಳೆ, ನಮ್ಮಮ್ಮ ಮಾರಿದ್ದಾಳೆ, ಯಾರೂ ವಾಂತಿ ಮಾಡಿಕೊಂಡಿರಲಿಲ್ಲ. ಸೆರ್ವಾಗೆ ಬಸುರಿ ವಾಂತಿ ಅಂತ ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. "ಅಕ್ಕಾ, ಬಸುರಿ ವಾಂತಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಂಗೆ? ಎದೆ ಹಿಡ್ಕೊಳ್ತಿದೆ" ಅಂದಳು. ಮಾತು ಸಂತೆಯ ಒಡತಿ ನಾನಾ ಪೊಕುವಾ ಕಿವಿಗೆ ಹೋಯ್ತು. ಅವರು ಮೂಗಿಗೆ ಸೆರಗು ಹಿಡಿದು ಬಂದು, "ತವಿಯಾ, ಇನ್ನೊಂದು ವಾರದಲ್ಲಿ ನಿನ್ನ ಬೋಗುಣಿ ಎತ್ತಿಕೊಂಡು ಕಸದ ಗುಂಡಿ ಕಡೆ ಹೋಗು" ಅಂದರು. ನಾಲ್ಕು ಜನರ ಮುಂದೆ! ನಾನು ಬಿಡ್ತೀನಾ? "ನನ್ನ ಮೀನಿನ ತಪ್ಪು ಅಂತ ತೋರಿಸಿ, ಇಲ್ಲೇ ಹಸೀದೇ ತಿಂದು ತೋರಿಸ್ತೀನಿ" ಅಂದೆ. ಜನ ಹೋ ಅಂದರು. ಮನೆಗೆ ಬಂದು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಬುಧವಾರ ಸೆರ್ವಾ ಹೊಲಿಗೆ ಮೆಷಿನ್ ಮೇಲೇ ಬಿದ್ದಳು. ತುಟಿ ನೀಲಿ. ನಾನೇ ಹೊತ್ತುಕೊಂಡು ಓಡಿದೆ, ಅವಳ ಹೊಟ್ಟೆ ನನ್ನ ಬೆನ್ನಿಗೆ ಒತ್ತುತ್ತಿತ್ತು. ಡಾಕ್ಟರು ನೋಡಿ ಇದು ಮೀನಲ್ಲ, ಗಾಳಿ ವಿಷ ಅಂದರು. ಆರೋಗ್ಯ ಇಲಾಖೆಯ ಅಂಪೋಫೊ ಅನ್ನೋರು ಬಂದು ಸಾಲೆಲ್ಲ ಖಾಲಿ ಮಾಡಿಸಿ, ನನ್ನ ಬೋಗುಣಿ ಹಿಂದಿರೋ ನಿಮ್ಮ ಬೀಗದ ಕೋಣೆಯಲ್ಲಿ ಏನಿದೆ ಅಂತ ಕೇಳಿದರು. ಎಲ್ಲರೂ ಒಂದೇ ಬಾಯಲ್ಲಿ ಖಾಲಿ ಅಂದರು, ನಿಮ್ಮ ಹೆಸರೆತ್ತಿ, ಬಾಫೊ ಅಲಸಂದೆಯನ್ನೆಲ್ಲ ಮಾರಿ ಉತ್ತರಕ್ಕೆ ಹೋದ ಅಂದರು. ಮೂಟೆ ಒಳಗಿರೋದನ್ನ ಬೆಲೆ ಏರೋವರೆಗೂ ಯಾರಿಗೂ ಹೇಳಬೇಡ ಅಂತ ನೀವು ನನ್ನ ಹತ್ತಿರ ಆಣೆ ಮಾಡಿಸಿದ್ದಿರಿ. ನಾನು ಆಣೆ ಮುರಿದೆ. "ಖಾಲಿ ಇಲ್ಲ ಸ್ವಾಮಿ, ಮೂಟೆ ಬಾಯಿ ಹೊಲಿದವಳು ನಾನೇ" ಅಂದೆ. ಹುಳಕ್ಕೆ ಮದ್ದು ಹಾಕಿದೀನಿ, ಬಾಗಿಲು ತೆಗೀಬೇಡ ಅಂದಿದ್ದಿರಲ್ಲ, ನಾನು ಎಲ್ಲರ ಹಾಗೆ ಬೂದಿ, ಮೆಣಸಿನಪುಡಿ ಅಂದುಕೊಂಡೆ. ಬಾಗಿಲಿಗೆ ಓಡಿದ ನನ್ನನ್ನ ಅಂಪೋಫೊ ರಟ್ಟೆ ಹಿಡಿದು ನಿಲ್ಲಿಸಿದರು. ಮುಖವಾಡ ಹಾಕಿಕೊಂಡವರು ಬಂದು ಬೀಗ ಒಡೆದರು. ಮೂಟೆಗಳ ನಡುವೆ ಬೂದು ಪುಡಿ. ಹುಳ ಕೊಲ್ಲೋ ವಿಷದ ಗುಳಿಗೆ ಪುಡಿಯಾದದ್ದು! ಜನ ಕೂರುವ ಸಾಲಲ್ಲಿ ಗುಳಿಗೆ ಇಡಬಾರದು, ಊರಾಚೆ ಗೋದಾಮಿಗೆ ಒಯ್ಯಬೇಕು ಅಂತ ಕಟ್ಟಳೆ ಇರೋದು ನಿಮಗೆ ಗೊತ್ತಿಲ್ವಾ?

ಅಂಪೋಫೊ ನಮ್ಮನ್ನೆಲ್ಲ ಮರದ ಕೆಳಗೆ ಕೂರಿಸಿ ಬಿಡಿಸಿ ಹೇಳಿದರು. ಗುಳಿಗೆಯಲ್ಲಿ ರಂಜಕ ಇರುತ್ತಂತೆ. ಒಣಗಿರೋವರೆಗೂ ಸುಮ್ಮನಿರುತ್ತೆ. ಗಾಳಿಯ ತೇವ ತಾಗಿತೋ, ನೀರಿನೊಳಗಿನ ಜಲಜನಕ ಹೋಗಿ ರಂಜಕವನ್ನ ಕೂಡಿಕೊಳ್ಳುತ್ತೆ. ಒಂದು ರಂಜಕಕ್ಕೆ ಮೂರು ಜಲಜನಕ, ಅದೇ ಫಾಸ್ಫೀನ್ ಅನಿಲ. ಉಚ್ಚೆ ವಾಸನೆಯ ಅಮೋನಿಯಾ ಇದೆಯಲ್ಲ, ಅದರ ತಮ್ಮ ಅಂದರು. ಅಣ್ಣ ಮೂಗಿಗೆ ಗುದ್ದಿ ಹೇಳಿ ಬರ್ತಾನೆ. ಈ ತಮ್ಮ ಶುದ್ಧವಾಗಿದ್ದರೆ ವಾಸನೆಯೇ ಇಲ್ಲವಂತೆ! ಜೊತೆಗೆ ಹುಟ್ಟುವ ಬೇರೆ ಕಲ್ಮಶಗಳು ನಾರುತ್ತವೆ, ಅದಕ್ಕೇ ಜನ ಉಳೀತಾರೆ. ಆ ನಾತ ಎಚ್ಚರಿಕೆ ಕೊಡ್ತಿತ್ತು ರೀ, ಅದನ್ನ ಎಲ್ಲರೂ ನನ್ನ ಬೋಗುಣಿಗೆ ಕಟ್ಟಿದರು. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿತಂತೆ. ಕೋತಿ ನಮ್ಮ ಮನೇದೇ ಅಂತ ಗೊತ್ತಾದಾಗ ನಾನು ಯಾರ ಮುಖ ನೋಡಲಿ?  

ಸೆರ್ವಾ ಈಗ ಕಣ್ಣು ಬಿಟ್ಟಿದ್ದಾಳೆ, ಗಂಜಿ ಕುಡೀತಾಳೆ. ಮಗು ಒದೀತಿದೆ ಅಂತ ನರ್ಸ್ ಹೇಳಿದರು, ಮುಂದಿನದು ದೇವರಿಗೆ ಬಿಟ್ಟದ್ದು. ನೀವು ಬಂದಾಗ ಮೊದಲು ಅವಳ ಬಾಗಿಲಿಗೆ ಹೋಗಿ. ಅಲ್ಲಿ ತಲೆ ತಗ್ಗಿಸದೆ ನಮ್ಮ ಹೊಸ್ತಿಲು ತುಳಿಯಬೇಡಿ. ದಾರಿಯಲ್ಲಿ ಜೋಪಾನ, ಲಾರಿಯ ಮೂಟೆ ಮೇಲೆ ಮಲಗಬೇಡಿ. ಇಷ್ಟಾದರೂ ನಿಮ್ಮ ಜೀವದ ಚಿಂತೆ ನನಗೇ. ಮಕ್ಕಳು ಅಪ್ಪನ್ನ ಕೇಳಿದ್ದಾರೆ. ದೇವರು ನಿಮಗೆ ಆಯುಸ್ಸನ್ನೂ ಬುದ್ಧಿಯನ್ನೂ ಕೊಡಲಿ.

ನಿಮ್ಮವಳೇ,
ಅಫ್ರಾ ತವಿಯಾ

ತಾ.ಕ.: ಕಾಗದ ಅಂಟಿಸೋ ಹೊತ್ತಿಗೆ ನಾನಾ ಪೊಕುವಾ ಬಂದಿದ್ದರು. ಜಾಗ ಬಿಡೋದು ಬೇಡ ಅಂದರು. ಹೋಗ್ತಾ ನಕ್ಕು, "ನಿನ್ನ ಗಂಡ ಭಾರಿ ಜಾಣ ಕಣೇ, ನಾರೋ ಮದ್ದಿಗೆ ನಾರೋ ಮೀನನ್ನೇ ಕಾವಲು ಕೂರಿಸಿದ" ಅಂದರು. ಅಂಟಿಸೋದು ಬಿಟ್ಟು ಮತ್ತೆ ಬರೆಯೋಕೆ ಕೂತೆ. ಹೋದ ವರ್ಷ ನಾನು ಚರಂಡಿ ಪಕ್ಕ ಬಿಸಿಲಲ್ಲಿ ಕೂತಿದ್ದಾಗ ನೀವೇ ಬಂದು, "ಏಳೇ, ನನ್ನ ಕೋಣೆ ಮುಂದೆ ನೆರಳಿದೆ" ಅಂತ ಬೋಗುಣಿ ಹೊತ್ತುಕೊಂಡು ಹೋದಿರಿ. ಗಂಡ ನನಗೆ ನೆರಳು ಕೊಟ್ಟ ಅಂತ ಸಂತೆಗೆಲ್ಲ ಸಾರಿಕೊಂಡು ಬಂದೆ. ಅವತ್ತು ನಿಮ್ಮ ಕಣ್ಣಿಗೆ ಬಿದ್ದದ್ದು ನನ್ನ ತಲೆ ಮೇಲಿನ ಬಿಸಿಲೋ, ನನ್ನ ಮೀನಿನ ನಾತವೋ? ನಿಜ ಬರೆದು ಕಳಿಸಿ, ಆಮೇಲೆ ಬನ್ನಿ. ಇವತ್ತು ಬೋಗುಣಿ ಚರಂಡಿ ಪಕ್ಕವೇ ಇಟ್ಟಿದೀನಿ.